ಮೂರು ತಾಸಿನ ಮಾತು

ಪುಣೆಯ ಖಡಕಿಯಲ್ಲಿನ ಆ ನಾಲ್ಕಂತಸ್ತಿನ ಹಳೆಯ ಕಟ್ಟಡದಲ್ಲಿ ಮಾಳಿಗೆಯ ಬೀಗದ ಕೈ ಒಂದೇ ಇತ್ತು. ಅದು ಮಾಳಿಗೆಯ ಕೆಳಗಿನ ನಾಲ್ಕನೇ ಅಂತಸ್ತಿನ ಕೃಷ್ಣಾಬಾಯಿಯ ಬಾಗಿಲ ಹಿಂದಿನ ಮೊಳೆಗೆ ತೂಗುತ್ತಿತ್ತು. ಮೊದಲೆಲ್ಲ ಯಾರು ಬೇಕಾದರೂ ಹೋಗಿ ಕೈಚಾಚಿ ತೆಗೆದುಕೊಂಡು ಬರುತ್ತಿದ್ದರು. ಹೋದ ವರ್ಷದ ಮೇ ತಿಂಗಳಿನಿಂದ ಕೇಳಿ ತೆಗೆದುಕೊಳ್ಳಬೇಕಾಗಿತ್ತು, ಕೇಳುವ ಧೈರ್ಯ ಎರಡನೇ ಅಂತಸ್ತಿನ ರೇಣುವಿಗೆ ಒಂದು ವರ್ಷ ಬಂದಿರಲಿಲ್ಲ.

ಈ ವರ್ಷ ಕೇಳಿದಳು. ಕೃಷ್ಣಾಬಾಯಿ ಕೂಡಲೇ ಇಲ್ಲವೆನ್ನಲಿಲ್ಲ. ತಲೆ ಎತ್ತಿ ತನ್ನ ಪಡಸಾಲೆಯ ಛಾವಣಿ ತೋರಿಸಿದಳು. ಅಲ್ಲಿ ಗೋಡೆಗೂ ಛಾವಣಿಗೂ ಕೂಡುವ ಮೂಲೆಯಲ್ಲಿ, ಚಹಾ ಚೆಲ್ಲಿದಂತೆ ಅಗಲವಾದ ಕಂದು ಕಲೆಯಿತ್ತು. ಒಂದೇ ಒಂದು ಸಲ ಕೊಡುತ್ತೇನೆ, ಆ ಕಲೆ ಒಂದು ಬೆರಳು ದೊಡ್ಡದಾದರೂ ಈ ಬೀಗದ ಕೈ ಮತ್ತೆ ಕೇಳಬೇಡ ಎಂದು ಮರಾಠಿಯಲ್ಲಿ ಹೇಳಿ, ಕೈಯಲ್ಲಿಟ್ಟಳು.

ಆ ಕಲೆಯ ಕಥೆ ಕಟ್ಟಡಕ್ಕೆಲ್ಲ ಗೊತ್ತು. ರೇಣುವಿನ ಅತ್ತೆ ಕಲ್ಲವ್ವ ಮದುವೆಯಾಗಿ ವಿಜಯಪುರದ ಕಡೆಯಿಂದ ಇಲ್ಲಿಗೆ ಬಂದು ನಲವತ್ತು ವರ್ಷ. ಗಂಡ ಖಡಕಿಯ ಕಾರ್ಖಾನೆಯಲ್ಲಿದ್ದರು, ಈಗ ಮಗ ಬಸವಲಿಂಗ ಅಲ್ಲೇ ಗುಮಾಸ್ತ. ಬಂದ ವರ್ಷದಿಂದಲೇ ಪ್ರತಿ ಬೇಸಿಗೆ ಕಲ್ಲವ್ವ ಮಾಳಿಗೆಯಲ್ಲಿ ಶ್ಯಾವಿಗೆ ಹೊಸೆಯುತ್ತಿದ್ದಳು. ಕೃಷ್ಣಾಬಾಯಿ ಪಕ್ಕದಲ್ಲೇ ಕೂತು ತನ್ನ ಕುರಡಿ, ಗೋಧಿ ಹಾಲಿನ ಸಂಡಿಗೆ, ಒತ್ತುತ್ತಿದ್ದಳು. ಸಂಜೆ ಒಬ್ಬರದು ಒಬ್ಬರ ಡಬ್ಬಿಗೆ ಹೋಗುತ್ತಿತ್ತು. ಕೃಷ್ಣಾಬಾಯಿಯ ಬಾಯಿಗೆ ನಾಲ್ಕು ಕನ್ನಡ ಮಾತು, ಕಲ್ಲವ್ವನ ಬಾಯಿಗೆ ಅದರ ನಾಲ್ಕು ಪಟ್ಟು ಮರಾಠಿ ಹತ್ತಿದ್ದು ಆ ಬಿಸಿಲಿನಲ್ಲೇ.

ಹೋದ ವರ್ಷ ಮಧ್ಯಾಹ್ನ ಎಲ್ಲರೂ ಊಟಕ್ಕೆ ಇಳಿದಾಗ ಮಳೆ ಬಂತು. ಹೇಳದೆ ಕೇಳದೆ ಬಂತು. ಅರ್ಧ ಒಣಗಿದ ಶ್ಯಾವಿಗೆಯೆಲ್ಲ ಕರಗಿ ಅಂಟಾಗಿ ಹರಿದು ಮಾಳಿಗೆಯ ನೀರು ಹೋಗುವ ತೂತಿಗೆ ಕೂತಿತು. ಮೊಣಕಾಲುದ್ದ ನೀರು ನಿಂತು ಕೃಷ್ಣಾಬಾಯಿಯ ಪಡಸಾಲೆಗೆ ಸೋರಿತು. ಕೃಷ್ಣಾಬಾಯಿ ಮೆಟ್ಟಿಲ ಮೇಲೆ ನಿಂತು, ಎಲ್ಲರೂ ಕೇಳುವಂತೆ, ಕಲ್ಲವ್ವನ ಹೆಸರು ಹಿಡಿದೇ ಬೈದಳು. ವಯಸ್ಸಾಯಿತು, ಬುದ್ಧಿ ಬರಲಿಲ್ಲ ಎಂದುಬಿಟ್ಟಳು.

ಆ ದಿನದಿಂದ ಕಲ್ಲವ್ವ ಎರಡನೇ ಅಂತಸ್ತಿನಿಂದ ಮೇಲೆ ಹತ್ತಿರಲಿಲ್ಲ. ಅಷ್ಟೇ ಆಗಿದ್ದರೆ ರೇಣು ಸುಮ್ಮನಿರುತ್ತಿದ್ದಳೇನೋ. ಆದರೆ ಮುದುಕಿಯ ಮಾತೇ ಇಳಿದುಹೋಗಿತ್ತು. ಬೆಳ್ಳುಳ್ಳಿ ಸುಲಿ ಎಂದರೆ ಸುಲಿಯುವಳು, ಉಣ್ಣು ಎಂದರೆ ಉಣ್ಣುವಳು. ಶ್ಯಾವಿಗೆ ಮಣೆಯನ್ನು ತಾನೇ ಹಳೆಯ ಸೀರೆಯಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದ್ದಳು. ರೇಣುವಿಗೆ ಶ್ಯಾವಿಗೆ ಅಂಗಡಿಯಲ್ಲೂ ಸಿಗುತ್ತಿತ್ತು. ಅವಳಿಗೆ ಬೇಕಿದ್ದದ್ದು ಆ ಮಣೆಯ ಮುಂದೆ ಕೂತ ಅತ್ತೆ.

ಮೂರನೇ ಅಂತಸ್ತಿನಲ್ಲಿ ಬಾಡಿಗೆಗಿದ್ದ ಇಂಪನಾ ಈ ಕಥೆಯೊಳಗೆ ಬಂದದ್ದು ಹಾಲಿನ ನೆಪದಿಂದ. ಚನ್ನಪಟ್ಟಣದ ಹುಡುಗಿ, ಊರಿನ ಪೂರ್ವಕ್ಕಿರುವ ಹಡಪಸರದ ಒಂದು ಕಂಪನಿಯಲ್ಲಿ ಹವಾಮಾನದ ಸೂಚನೆಗಳನ್ನು ಫೋನಿಗೆ ಕಳಿಸುವ ಆ್ಯಪ್ ಮಾಡುವ ಕೆಲಸ. ಶನಿವಾರ ಅರ್ಧ ಲೀಟರ್ ಹಾಲು ಕಡ ಕೇಳಲು ಬಂದವಳು ಅಡುಗೆಮನೆಯ ಕಟ್ಟೆ ಹತ್ತಿ ಕೂತಳು. ರೇಣು ಹೆದರಿಕೆ ಹೇಳಿಕೊಂಡಳು. ಸೋಮವಾರ ಶ್ಯಾವಿಗೆ ಹಾಕಬೇಕು, ಮಳೆ ಬರುತ್ತದೋ ಇಲ್ಲವೋ ನಿನ್ನ ಫೋನು ಹೇಳುತ್ತದೇನು ಎಂದು ಕೇಳಿದಳು.

"ಸೋಮವಾರದ್ದು ಇವತ್ತೇ ಗ್ಯಾರಂಟಿ ಹೇಳಕ್ಕಾಗಲ್ಲ ಆಂಟಿ. ಆದ್ರೆ ಅವತ್ತು ನೌಕಾಸ್ಟ್ ನೋಡಿ ಹೇಳ್ತೀನಿ."

ಅದೇನದು ಎಂದಳು ರೇಣು. ಇಂಪನಾ ಕೈ ಆಡಿಸುತ್ತ ವಿವರಿಸಿದಳು. ರೇಡಾರ್ ಎಂದಳು, ಡೇಟಾ ಎಂದಳು, ರಿಯಲ್ ಟೈಮ್ ಎಂದಳು. ನಾಳೆಯದು, ನಾಡಿದ್ದಿನದು ಮುನ್ಸೂಚನೆಯಂತೆ. ಇದು ಬೇರೆ. ಈಗ, ಈ ಗಳಿಗೆ, ಮೋಡ ಎಲ್ಲಿದೆ, ಎಷ್ಟು ಬೆಳೆದಿದೆ, ಯಾವ ಕಡೆ ಸರಿಯುತ್ತಿದೆ ಎಂದು ನೋಡಿ ಮುಂದಿನ ಮೂರು ತಾಸಿಗೆ ಮಾತ್ರ ಹೇಳುವುದು. ಮೂರು ತಾಸಿನ ಆಚೆ ಅದಕ್ಕೆ ಬಾಯಿಲ್ಲ.

ರೇಣುವಿನ ತಲೆಗೆ ಹೋಗಲಿಲ್ಲ. ಹಾಗಾದರೆ ಅದೂ ಭವಿಷ್ಯವೇ ಆಯಿತಲ್ಲ ಎಂದಳು. ಅಲ್ಲ ಆಂಟಿ ಎಂದು ಇಂಪನಾ ಮತ್ತೆ ಮೊದಲಿನಿಂದ ಶುರುಮಾಡುವಷ್ಟರಲ್ಲಿ ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಕಲ್ಲವ್ವ ತಲೆ ಎತ್ತದೆ ಹೇಳಿದಳು:

"ಒಲಿ ಮ್ಯಾಲಿನ ಹಾಲು ನೋಡಿದಂಗ. ಅಂಚಿಗೆ ನೊರಿ ಬಂತಂದ್ರ ಉಕ್ಕತದ ಅಂತ ಹೇಳಾಕ ಪಂಚಾಂಗ ಯಾಕ ಬೇಕವಾ?"

ಇಂಪನಾ ಕಟ್ಟೆಯಿಂದ ಇಳಿದು, ಅಜ್ಜಿ, ನಮ್ಮ ಆಫೀಸಿನಲ್ಲಿ ಇಷ್ಟು ಚೆನ್ನಾಗಿ ಯಾರೂ ಹೇಳಿಲ್ಲ ಎಂದಳು. ರೇಣು ಮಾತ್ರ ಒಲೆಯ ಕಡೆ ತಿರುಗಿ ನಿಂತಳು. ಅತ್ತೆ ತಾನಾಗಿ ಅಷ್ಟುದ್ದ ಮಾತಾಡಿ ಎಷ್ಟು ತಿಂಗಳಾಗಿತ್ತೋ.

ಹೋಗುವಾಗ ಇಂಪನಾ ಇನ್ನೊಂದು ಮಾತು ಹೇಳಿದಳು. ಸೂಚನೆ ಬಂತೆಂದರೆ ನಿಮ್ಮ ಮಾಳಿಗೆಯ ಮೇಲೇ ಮಳೆ ಬಿತ್ತೆಂದಲ್ಲ. ಜಿಲ್ಲೆ ದೊಡ್ಡದು, ಅಲ್ಲಲ್ಲಿ ಎಂದಷ್ಟೇ ಅದು ಹೇಳುತ್ತದೆ. "ಎದ್ದು ನಿಂತು ನೋಡಿ ಅಂತ ಅದು ಹೇಳೋದು ಆಂಟಿ. ನೋಡೋದು ನಾವೇ."

ನೋಡುವುದರಲ್ಲಿ ರೇಣುವಿನ ಮನೆಯವರಿಗೆ ಒಂದು ಪದ್ಧತಿಯಿತ್ತು. ಮಾವನವರ ಕಾಲದಿಂದ ಬಂದದ್ದು. ಮಳೆ ಬರುವುದು ಲೋಣಾವಳಾದ ಕಡೆಯಿಂದ, ಘಾಟು ಹತ್ತಿ, ರೈಲಿನ ಹಳಿ ಹಿಡಿದು. ಮಳಿ ಲೋಣಾವಳಾ ಲೋಕಲ್ ಹತ್ತಿ ಬರ್ತದ, ಖಡಕಿ ಸ್ಟೇಶನ್‌ದಾಗ ಇಳೀತದ ಎಂದು ಮಾವ ನಗಿಸುತ್ತಿದ್ದರು. ಕೊಡೆ ಒಯ್ಯಬೇಕೋ ಬೇಡವೋ ಎಂದು ಆ ಮನೆಯಲ್ಲಿ ಎಲ್ಲರೂ ಪಶ್ಚಿಮಕ್ಕೇ ಮುಖ ಮಾಡಿ ನಿರ್ಧರಿಸುವರು. ಜೊತೆಗೆ ರೇಣುವಿನ ಅಣ್ಣ ಸಿದ್ದಲಿಂಗಪ್ಪ ಲೋಣಾವಳಾದಲ್ಲೇ ಚಿಕ್ಕಿ ಅಂಗಡಿಯಲ್ಲಿದ್ದ. ಇದಕ್ಕಿಂತ ಒಳ್ಳೆಯ ಕಾವಲು ಯಾರಿಗಿದೆ?

ಸೋಮವಾರ ಬೆಳಗಾಗುತ್ತಲೇ ರೇಣು ಮಣೆಯನ್ನು ಮಂಚದ ಕೆಳಗಿನಿಂದ ಎಳೆದು, ಸೀರೆ ಬಿಚ್ಚಿ, ಒರೆಸಿ, ಅತ್ತೆಯ ಮುಂದಿಟ್ಟಳು. ನಾದಿದ ಹಿಟ್ಟು ತುಂಬಿದ ಪರಾತವನ್ನೂ ತಂದು ಪಕ್ಕದಲ್ಲಿಟ್ಟಳು. ಕಲ್ಲವ್ವ ಒಂದು ಉಂಡೆ ಮುರಿದು ಬೆರಳಲ್ಲಿ ಎಳೆದು ನೋಡಿದಳು.

"ಇನ್ನಷ್ಟು ನಾದಬೇಕಿತ್ತು," ಎಂದಳು. ಎದ್ದಳು. ಗೋಡೆ ಹಿಡಿದು ಮೆಟ್ಟಿಲು ಹತ್ತಿದಳು. ನಾಲ್ಕನೇ ಅಂತಸ್ತಿನ ಮುಚ್ಚಿದ ಬಾಗಿಲ ಮುಂದೆ ಬಂದಾಗ ಸೆರಗು ಹೊದ್ದು, ಆ ಕಡೆ ನೋಡದೆ ದಾಟಿದಳು.

ಮಾಳಿಗೆಯಲ್ಲಿ ಮಣೆಯ ಒಂದು ತುದಿಯನ್ನು ಪೆಟ್ಟಿಗೆಯ ಮೇಲಿಟ್ಟು ಕಲ್ಲವ್ವ ಮೇಲೆ ಕೂತು ಹೊಸೆದಳು. ಎಳೆಗಳು ಕೆಳಗೆ ಇಳಿದು ಬಂದಂತೆ ರೇಣು ಕೋಲಿಗೆ ಹಿಡಿದು, ಎಳೆದು, ಎರಡು ಹಗ್ಗಗಳ ನಡುವೆ ಅಡ್ಡ ಇಟ್ಟಳು. ಮೊದಲ ನಾಲ್ಕು ಕೋಲು ದಪ್ಪವಾದವು. ಐದನೆಯದರಿಂದ ಮುದುಕಿಯ ಕೈ ನೆನಪಿಗೆ ಬಂತು. ಹನ್ನೊಂದರ ಹೊತ್ತಿಗೆ ರೇಣು ಅಣ್ಣನಿಗೆ ಫೋನು ಹಚ್ಚಿದಳು.

"ಆಕಾಶ ತೊಳದಿಟ್ಟ ಗಂಗಾಳ ಆಗ್ಯದ ತಂಗಿ," ಎಂದ ಸಿದ್ದಲಿಂಗಪ್ಪ. "ಮೋಡದ ಹೆಸರಿಲ್ಲ. ನಮಗೂ ಒಂದು ಕಿಲೋ ಇಡು."

ರೇಣುವಿಗೆ ನೆಮ್ಮದಿಯಾಯಿತು. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಮೂವತ್ತಾರು ಕೋಲು ತುಂಬಿ ಮಾಳಿಗೆಯ ತುಂಬ ಬಿಳಿಯ ಜಡೆಗಳು ತೂಗಾಡಿದವು. ಕಲ್ಲವ್ವ ನೀರಿನ ತೊಟ್ಟಿಯ ನೆರಳಲ್ಲಿ ಕೂತು ರೊಟ್ಟಿ ತಿನ್ನುತ್ತ, ಮಾವನವರು ಒಮ್ಮೆ ಹಸಿ ಶ್ಯಾವಿಗೆಯನ್ನು ಕದ್ದು ಹಾಲಲ್ಲಿ ಹಾಕಿ ತಿಂದು ಹೊಟ್ಟೆ ಕೆಡಿಸಿಕೊಂಡ ಕಥೆ ಹೇಳಿದಳು. ಸಣ್ಣಗೆ ನಕ್ಕಳು ಕೂಡ.

ಆಗಲೇ ರೇಣುವಿನ ಫೋನು ಗುಂಯ್ ಎಂದಿತು. ಇಂಪನಾ. ಪುರಂದರದ ಮೇಲೆ ಮೋಡ ಬೆಳೆದಿದೆ, ಪುಣೆಯ ಕಡೆ ಬರುತ್ತಿದೆ, ಮುಂದಿನ ಮೂರು ತಾಸಿನಲ್ಲಿ ಗುಡುಗು ಗಾಳಿ ಇದೆ ಎಂದು ಸೂಚನೆ, ನೋಡಿ ಆಂಟಿ ಎಂದು ಬರೆದಿದ್ದಳು.

ರೇಣು ಎದ್ದು ನಿಂತು ನೋಡಿದಳು, ಪಶ್ಚಿಮಕ್ಕೆ. ಅಣ್ಣ ಹೇಳಿದ ಗಂಗಾಳವೇ ಅಲ್ಲೂ ಕವುಚಿತ್ತು, ಒಂದು ಚುಕ್ಕೆಯಿಲ್ಲ. ಲೋಣಾವಳಾದಲ್ಲಿ ಏನೂ ಇಲ್ಲ, ಅಣ್ಣನನ್ನೇ ಕೇಳಿದ್ದೇನೆ ಎಂದು ಹುಡುಗಿಗೆ ಬರೆದಳು. ಕೂಡಲೇ ಫೋನು ಬಂತು.

"ಆಂಟಿ, ಲೋಣಾವಳಾ ಯಾಕೆ ನೋಡ್ತಿದೀರಾ? ಅದು ಜೂನ್ ಆದ್ಮೇಲೆ. ಮೇ ತಿಂಗಳ ಗುಡುಗು ಮಳೆ ಜಾಸ್ತಿ ಪೂರ್ವದಿಂದ, ಈ ಕಡೆಯಿಂದ ಬರೋದು, ಬಯಲಲ್ಲಿ ಕಾದು ಕಾದು ಎದ್ದು. ಅದೇ ಪುರಂದರದ ಜೇಜುರಿ ಕಡೆ ನಿಮಗೆ ಯಾರಾದ್ರೂ ಗೊತ್ತಾ?"

ರೇಣು ಆಗ ಪೂರ್ವಕ್ಕೆ ತಿರುಗಿದಳು. ಆ ಕಡೆ ಹೊಸ ಕಟ್ಟಡಗಳ ಗೋಡೆ, ಆಕಾಶವೇ ಕಾಣುತ್ತಿರಲಿಲ್ಲ. ಹೋದ ವರ್ಷದ ಮಳೆಯೂ ಹೇಳದೆ ಕೇಳದೆ ಬಂದದ್ದಲ್ಲ. ಬೆನ್ನ ಹಿಂದಿನಿಂದ ಬಂದಿತ್ತು. ಇಡೀ ಮನೆ ಲೋಕಲ್ ಗಾಡಿಯ ದಾರಿ ಕಾಯುತ್ತ ಕೂತಿತ್ತು.

ಜೇಜುರಿಯಲ್ಲಿ ಗೊತ್ತಿದ್ದವಳು ನಾಗವ್ವ. ಕಲ್ಲವ್ವನ ಅಕ್ಕನ ಮಗಳು, ಖಂಡೋಬನ ಗುಡ್ಡದ ಮೆಟ್ಟಿಲ ಬುಡದಲ್ಲಿ ತೆಂಗಿನಕಾಯಿ, ಭಂಡಾರದ ಅರಿಶಿನ ಮಾರುವವಳು. ಕರ್ನಾಟಕದಿಂದ ಬರುವ ಭಕ್ತರು ಅವಳ ಕನ್ನಡ ಕೇಳಿ ಅವಳಲ್ಲೇ ಕೊಳ್ಳುವರು. ರೇಣು ಫೋನು ಹಚ್ಚಿದಳು. ಗಂಟೆ ಬಾರಿಸಿ ಬಾರಿಸಿ ನಿಂತಿತು. ಮತ್ತೆ ಹಚ್ಚಿದಳು. ಎತ್ತಲಿಲ್ಲ. ಮೂರನೆಯ ಸಲ ಎತ್ತಿದಾಗ ಮೊದಲು ಕೇಳಿದ್ದು ನಾಗವ್ವನ ದನಿಯಲ್ಲ, ತಗಡಿನ ಮೇಲೆ ಬಡಿಯುವ ಮಳೆ.

"ಈಗ ಏನ ಹಚ್ಚತೀಯೇ, ಭಂಡಾರ ತೊಯ್ಯಾಕತ್ತದ ಇಲ್ಲಿ! ಮೆಟ್ಲ ತುಂಬ ಹಳದಿ ನೀರ ಹರೀಲಿಕತ್ತದ. ಇಡು, ಇಡು."

ಫೋನು ಕಟ್ಟಾಯಿತು. ರೇಣು ಅತ್ತೆಯ ಮುಖ ನೋಡಿದಳು. ಕಲ್ಲವ್ವನ ನಗು ಹೋಗಿತ್ತು. ಕೈಯಲ್ಲಿನ ರೊಟ್ಟಿಯ ಚೂರನ್ನು ಮೆಲ್ಲಗೆ ತಟ್ಟೆಗೆ ಹಾಕಿದಳು.

"ಕೆಳಗ ಒಯ್ಯೋಣ್ರಿ ಅತ್ತೀ," ಎಂದಳು ರೇಣು.

"ನಮ್ಮನ್ಯಾಗ ಎಲ್ಲಿ ಹಿಡಿಸ್ತಾವ?"

ನಿಜವೇ. ಶ್ಯಾವಿಗೆ ಆಗ ಅತ್ತ ಹಸಿಯೂ ಅಲ್ಲ, ಇತ್ತ ಒಣಗಿದ್ದೂ ಅಲ್ಲ. ಮಡಿಚಿದರೆ ಅಂಟುತ್ತದೆ, ಸುರುವಿದರೆ ಮುದ್ದೆಯಾಗುತ್ತದೆ. ಕೋಲಿನ ಸಮೇತ, ತೂಗುವ ಹಾಗೆಯೇ ಒಯ್ಯಬೇಕು. ಎರಡು ಕೋಣೆಯ ಅವರ ಮನೆಯಲ್ಲಿ ಹತ್ತು ಕೋಲಿಗೆ ಜಾಗವಿಲ್ಲ. ಮಾಳಿಗೆಯ ಹದಿನೆಂಟು ಮೆಟ್ಟಿಲಿಳಿದರೆ ಎದುರಿಗೇ ಉದ್ದನೆಯ, ಗಾಳಿ ಆಡುವ, ಎರಡು ಫ್ಯಾನಿನ ಒಂದು ಪಡಸಾಲೆ ಇತ್ತು. ಅದರ ಛಾವಣಿಗೆ ಕಲೆಯೂ ಇತ್ತು.

ರೇಣು ಹೋಗಿ ಬಾಗಿಲು ತಟ್ಟಿದಳು. ಊಟ ಮುಗಿಸಿ ಅಡ್ಡಾಗಿದ್ದ ಕೃಷ್ಣಾಬಾಯಿ ಕೂದಲು ಗಂಟುಹಾಕಿಕೊಳ್ಳುತ್ತ ಬಂದಳು. ಕಾಕೂ, ಮಳೆ ಬರುತ್ತದೆ, ಕೋಲುಗಳನ್ನು ನಿಮ್ಮ ಪಡಸಾಲೆಯಲ್ಲಿ ಇಡಬಹುದೇ ಎಂದು ರೇಣು ಒಂದೇ ಉಸಿರಿಗೆ ಕೇಳಿದಳು. ಕೃಷ್ಣಾಬಾಯಿ ಕಿಟಕಿಯತ್ತ ನೋಡಿದಳು. ಹೊರಗೆ ಬಿಸಿಲು ಕಣ್ಣು ಚುಚ್ಚುತ್ತಿತ್ತು. ನಿನಗೆ ಬಿಸಿಲು ತಲೆಗೇರಿದೆ, ನೀರು ಕುಡಿದು ಮಲಗು ಎಂದಳು. ರೇಣು ನೌಕಾಸ್ಟ್ ಎಂದಳು, ರೇಡಾರ್ ಎಂದಳು. ಶನಿವಾರ ಇಂಪನಾ ಆಡಿಸಿದಂತೆಯೇ ತನ್ನ ಕೈಗಳೂ ಆಡುತ್ತಿದ್ದುದು ಅವಳಿಗೇ ಗೊತ್ತಾಯಿತು. ಕೃಷ್ಣಾಬಾಯಿಯ ಮುಖ ಇನ್ನಷ್ಟು ಗಂಟಾಯಿತು.

ಹಿಂದೆ ಮೆಟ್ಟಿಲ ಮೇಲೆ ಸದ್ದಾಯಿತು. ಕಲ್ಲವ್ವ ಒಂದೊಂದು ಕೈಯಲ್ಲಿ ಒಂದೊಂದು ಕೋಲು ಎತ್ತಿ ಹಿಡಿದು ಇಳಿಯುತ್ತಿದ್ದಳು. ಗೋಡೆ ಹಿಡಿಯಲು ಕೈಯಿರಲಿಲ್ಲ, ಭುಜವನ್ನೇ ಗೋಡೆಗೆ ಉಜ್ಜುತ್ತ ಬಂದಳು. ಹೊಸ್ತಿಲ ಈಚೆ ನಿಂತಳು. ಒಂದು ವರ್ಷದ ಮೇಲೆ ಇಬ್ಬರು ಮುದುಕಿಯರೂ ಒಬ್ಬರನ್ನೊಬ್ಬರು ನೇರ ನೋಡಿದರು.

"ಬಾಯಿ," ಎಂದಳು ಕಲ್ಲವ್ವ, ತನ್ನ ಹಳೆಯ ಮರಾಠಿಯಲ್ಲಿ. "ದೂಧ ಉತೂ ಚಾಲಲಂಯ."

ಹಾಲು ಉಕ್ಕುತ್ತಿದೆ. ಅಷ್ಟೇ. ಬೇರೆ ವಿವರಣೆಯಿಲ್ಲ, ಕ್ಷಮೆಯಿಲ್ಲ, ಸಿಟ್ಟಿಲ್ಲ. ಹಾಲು ಉಕ್ಕುತ್ತಿದೆ ಎಂದು ಕೇಳಿದ ಯಾವ ಹೆಂಗಸು ಎಲ್ಲಿ, ಯಾಕೆ ಎಂದು ಕೇಳುತ್ತಾಳೆ? ಕೃಷ್ಣಾಬಾಯಿಯ ಕಾಲು ತಾನಾಗಿ ಪಕ್ಕಕ್ಕೆ ಸರಿಯಿತು. ಬಾಗಿಲು ಪೂರ್ತಿ ತೆರೆಯಿತು.

ಕುರ್ಚಿಯ ಬೆನ್ನಿನಿಂದ ಕುರ್ಚಿಯ ಬೆನ್ನಿಗೆ, ಮಂಚದ ಕಂಬದಿಂದ ಕಿಟಕಿಯ ಸರಳಿಗೆ, ಟಿ.ವಿ. ಮೇಜಿನಿಂದ ಹೊಲಿಗೆ ಯಂತ್ರಕ್ಕೆ ಕೋಲುಗಳು ಏರಿದವು. ರೇಣು ಇಪ್ಪತ್ತಕ್ಕೂ ಹೆಚ್ಚು ಸಲ ಹತ್ತಿಳಿದಳು. ಕೃಷ್ಣಾಬಾಯಿ ಬೈಯುತ್ತಲೇ ಕೈಹಾಕಿದಳು. ತನ್ನ ಮನೆ ಮದುವೆ ಮಂಟಪವಾಯಿತು, ಬೀಗರು ಮಾತ್ರ ಕಾಣುತ್ತಿಲ್ಲ ಎಂದಳು. ಎರಡು ಕೋಲು ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ತಾಗಿ ಎಳೆಯೆಲ್ಲ ಉದುರಿತು. ರೇಣು ಅದನ್ನೂ ಗುಡಿಸಿ ಮೊರದಲ್ಲಿ ಬಳಿದುಕೊಂಡಳು. ಕೊನೆಗೆ ಮಾಳಿಗೆಗೆ ಹೋಗಿ ನೀರಿನ ತೂತಿಗೆ ಕೈಹಾಕಿ, ಬಿದ್ದ ಚೂರು, ಎಲೆ, ಪ್ಲಾಸ್ಟಿಕ್ಕು ಎಲ್ಲ ತೆಗೆದು ಬಂದಳು.

ಎರಡೂವರೆ ಆಯಿತು. ಬಿಸಿಲು ಹಾಗೇ ಇತ್ತು.

ಎರಡು ಮುಕ್ಕಾಲು. ಫ್ಯಾನಿನ ಗಾಳಿಗೆ ಶ್ಯಾವಿಗೆ ಅಲ್ಲಾಡುತ್ತಿತ್ತು. ಮೂವರೂ ಕೂರಲು ಕುರ್ಚಿಯಿಲ್ಲದೆ ನೆಲಕ್ಕೆ ಕೂತಿದ್ದರು. ನಿಮ್ಮ ಹಾಲು ತಣ್ಣಗಾಯಿತೇನು ಎಂದಳು ಕೃಷ್ಣಾಬಾಯಿ. ಕಲ್ಲವ್ವನ ಕಣ್ಣು ಛಾವಣಿಯ ಕಲೆಗೆ ನೆಟ್ಟಿತ್ತು. ಆ ಕಲೆಯನ್ನು ಅವಳು ಇದೇ ಮೊದಲು ನೋಡುತ್ತಿರುವುದು ಎಂದು ರೇಣುವಿಗೆ ಹೊಳೆಯಿತು. ಮಳೆ ಬಾರದಿದ್ದರೆ? ದಾರಿಯ ಮಂಜರಿಯಲ್ಲೋ ಸಾಸವಡದಲ್ಲೋ ಸುರಿದು ಮುಗಿದಿದ್ದರೆ? ಒಳ್ಳೆಯ ಬಿಸಿಲನ್ನು ಹಾಳುಮಾಡಿ, ಅತ್ತೆಯನ್ನು ಈ ಹೊಸ್ತಿಲಿಗೆ ತಂದು ನಿಲ್ಲಿಸಿ, ಮತ್ತೊಮ್ಮೆ ನಗೆಪಾಟಲು ಮಾಡಿದೆನೇ? ಕೋಲುಗಳನ್ನು ಮತ್ತೆ ಮೇಲೆ ಒಯ್ಯಲೇ ಎಂದು ಎದ್ದೇಬಿಟ್ಟಳು. ನಿಂತು, ಇಂಪನಾಳಿಗೆ ಫೋನು ಹಚ್ಚಿದಳು.

"ಒಯ್ಯಬೇಡಿ ಆಂಟಿ. ಸ್ಕ್ರೀನಲ್ಲಿ ಇರೋದೂ ಹತ್ತು ನಿಮಿಷ ಹಳೇದು, ಅದಕ್ಕೆ ನಾನೇ ಆಫೀಸಿಂದ ಕೆಳಗೆ ಬಂದು ನಿಂತಿದೀನಿ. ಕೇಳಿಸ್ಕೊಳ್ಳಿ." ಹುಡುಗಿ ಫೋನನ್ನು ಹೊರಗೆ ಚಾಚಿರಬೇಕು. ಹಡಪಸರದ ಮಳೆ ಖಡಕಿಯ ಆ ಬಿಸಿಲಿನ ಪಡಸಾಲೆಯಲ್ಲಿ ಸುರಿಯತೊಡಗಿತು. ರೇಣು ಫೋನಿನ ದನಿ ದೊಡ್ಡದು ಮಾಡಿ ನೆಲದ ಮೇಲಿಟ್ಟಳು. ಇಬ್ಬರು ಮುದುಕಿಯರೂ ಬಗ್ಗಿ ಕೇಳಿದರು.

ಮೂರು ಗಂಟೆ ಹತ್ತು ನಿಮಿಷಕ್ಕೆ ಮೊದಲು ಧೂಳು ಬಂತು. ಕಿಟಕಿಯ ಬಾಗಿಲು ಬಡಿದುಕೊಂಡವು. ಎದುರಿನ ಕಟ್ಟಡದ ಹಿಂದಿನಿಂದ ಕಪ್ಪು ಏರಿತು, ಪೂರ್ವದಿಂದಲೇ. ಆಮೇಲೆ ದಪ್ಪ ಹನಿಗಳು, ಆಮೇಲೆ ಹನಿಯೆಂದು ಲೆಕ್ಕಕ್ಕೆ ಸಿಗದಂಥದ್ದು. ಮೇಲೆ ಮಾಳಿಗೆಯ ನೆಲವನ್ನು ಮಳೆ ಡಬಡಬ ಬಾರಿಸಿತು. ಮೂವರೂ ತಲೆ ಎತ್ತಿ ಆ ಕಂದು ಕಲೆಯನ್ನೇ ನೋಡುತ್ತ ಕೂತರು. ಗೋಡೆಯ ಹೊರಗಿನ ಕೊಳವೆಯಲ್ಲಿ ನೀರು ಗಳಗಳ ಇಳಿದು ಹೋಗುವ ಸದ್ದು ಕೇಳುತ್ತಿತ್ತು. ತಡೆಯಿಲ್ಲದೆ ಇಳಿಯುತ್ತಿತ್ತು.

ಅರ್ಧ ಗಂಟೆ ಕಳೆಯಿತು. ಕಲೆ ಇದ್ದಷ್ಟೇ ಇತ್ತು, ಒಣಗಿತ್ತು.

ಕೃಷ್ಣಾಬಾಯಿ ಮಂಡಿಗೆ ಕೈಕೊಟ್ಟು ಎದ್ದಳು. ಶ್ಯಾವಿಗೆಯ ಜಡೆಗಳ ಕೆಳಗೆ ತಲೆ ಬಗ್ಗಿಸಿ ಅಡುಗೆಮನೆಗೆ ಹೋದಳು. ಮೂರು ಲೋಟ ಚಹಾ ತಂದು, ಮೊದಲನೆಯದನ್ನು ಕಲ್ಲವ್ವನ ಕೈಯಲ್ಲಿಟ್ಟಳು.

"ಕುಡಿ ಕಲ್ಲವ್ವಾ," ಎಂದಳು ತನಗೆ ಬರುವ ಕನ್ನಡದಲ್ಲಿ. "ನಾನು ಬಾಳ ಬೈದೆ, ಹೋದ ವರ್ಷ."

ಕಲ್ಲವ್ವ ಚಹಾ ಊದಿದಳು. "ಬೈದಿ," ಎಂದಳು. "ಬೈದ್ರ ಬೈದಿ, ಬಿಡು. ಅದರ ಮುಂದ ಒಂದ್ ವರ್ಷ ಕುರಡಿ ಕೊಡಲಿಲ್ಲಲಾ, ಅದು ಭಾಳ ಆತು."

ಕೃಷ್ಣಾಬಾಯಿಗೆ ಪೂರ್ತಿ ತಿಳಿಯಿತೋ ಇಲ್ಲವೋ. ಕುರಡಿ ಎಂಬುದು ಮಾತ್ರ ತಿಳಿದಿರಬೇಕು. ಒಳಗಿನಿಂದ ಡಬ್ಬಿ ತಂದಳು. ಕಲ್ಲವ್ವನ ಸೆರಗಿಗೆ ಸುರಿದಳು, ಡಬ್ಬಿಯ ತಳ ಬಡಿದು ಸುರಿದಳು. ರೇಣು ಬೀಗದ ಕೈಯನ್ನು ಒಪ್ಪಿಸಲು ಸೊಂಟದಿಂದ ತೆಗೆದಾಗ ಕೃಷ್ಣಾಬಾಯಿ ಅದನ್ನು ನೋಡಿಯೂ ನೋಡದವಳಂತೆ, ನಾಳೆ ಎಷ್ಟಕ್ಕೆ ಹತ್ತುತ್ತೀರಿ, ನನ್ನ ಗೋಧಿಯೂ ನೆನೆದಿದೆ ಎಂದಳು. ಬೀಗದ ಕೈ ರೇಣುವಿನ ಕೈಯಲ್ಲೇ ಉಳಿಯಿತು. ಸ್ವಲ್ಪ ಹೊತ್ತಿಗೆ ಕಲ್ಲವ್ವ ಅದನ್ನು ತೆಗೆದುಕೊಂಡು ತನ್ನ ಸೆರಗಿನ ಇನ್ನೊಂದು ತುದಿಗೆ ಗಂಟು ಹಾಕಿದಳು.

ನಾಳೆ ಹೇಗೆ ಎಂದು ರೇಣು ಫೋನಿನಲ್ಲಿ ಇಂಪನಾಳನ್ನು ಕೇಳಿದಳು. ನಾಳೆಯದು ನೌಕಾಸ್ಟಿಗೆ ಗೊತ್ತಿಲ್ಲ ಆಂಟಿ, ನಾಳೆ ಬೆಳಗ್ಗೆ ಕೇಳಿ ಎಂದು ಹುಡುಗಿ ನಕ್ಕಳು. ಈ ಸಲ ಅದು ರೇಣುವಿನ ತಲೆಗೆ ಹೋಯಿತು.

ಆಗ ಫೋನು ಮತ್ತೆ ಗುಂಯ್ ಎಂದಿತು. ನಾಗವ್ವ. ಅರ್ಧ ಚೀಲ ಭಂಡಾರ ಹೋಯಿತು, ಉಳಿದದ್ದು ಉಳಿಯಿತು ಎಂದು ಗೊಣಗಿದಳು. ಆಮೇಲೆ ದನಿ ಬದಲಾಯಿಸಿ, ನಿಮ್ಮಲ್ಲಿ ಹೆಂಗದ ಎಂದು ಕೇಳಿದಳು. ಸುರಿಯುತ್ತಿದೆ ಎಂದಳು ರೇಣು.

"ಇಲ್ಲಿ ಬಿಸಲ ಬಿದ್ದದ ನೋಡು," ಎಂದಳು ನಾಗವ್ವ. "ಮೆಟ್ಲ ಹೊಗಿ ಆಡಾಕತ್ತಾವ. ಭಾಳ ಚಂದ ಬಿದ್ದದ."

ರೇಣು ಅದನ್ನು ಹಾಗೆಯೇ ಅತ್ತೆಗೆ ಹೇಳಿದಳು. ಕಲ್ಲವ್ವ ಲೋಟ ಕೆಳಗಿಟ್ಟು ಎದ್ದು, ಶ್ಯಾವಿಗೆಯ ನಡುವೆ ದಾರಿ ಮಾಡಿಕೊಂಡು ಕಿಟಕಿಗೆ ಹೋದಳು. ಹೊರಗೆ ಇನ್ನೂ ಮಳೆ ಹೊಯ್ಯುತ್ತಿತ್ತು. ಅವಳು ಪೂರ್ವದ ಕಡೆಗೆ ಮುಖ ಮಾಡಿ, ಕಿಟಕಿಯ ಸರಳು ಹಿಡಿದು, ಬಿಸಿಲು ಬರುವ ದಾರಿ ನೋಡುತ್ತ ನಿಂತಳು.